ಭಂತೇಜಿ ವರ್ಷಾವಾಸ ಮುರಿದ ವರ್ಷ

ಹೋದ ತಿಂಗಳು ಅರೇಹಳ್ಳಿಗೆ ಹೋಗಿದ್ದೆ. ನನ್ನ ಜೊತೆ ಕೆಲಸ ಮಾಡಿದ್ದ ಹಿರಿಯ ಟೀಚರೊಬ್ಬರು ಮಂಡಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು, ನೋಡಿಕೊಂಡು ಬರೋಣವೆಂದು. ಅವರ ಸೊಸೆ ಅಡುಗೆಮನೆಯಲ್ಲಿ ಒಂದೆಲಗದ ಸೊಪ್ಪು ರುಬ್ಬಿ, ಗಂಜಿಗೆ ಬೆರೆಸಿ, ಮೇಲೆ ತೆಂಗಿನಹಾಲು ಹುಯ್ದು ಕುದಿಸುತ್ತಿದ್ದಳು. ನಮ್ಮ ಕಡೆ ಒಂದೆಲಗವೆಂದರೆ ಚಟ್ನಿ, ತಂಬುಳಿ, ಅಷ್ಟೆ. ಅದನ್ನು ಗಂಜಿಗೆ ಹಾಕುವವರನ್ನು ನಾನು ಕಂಡಿದ್ದು ಒಬ್ಬರನ್ನೇ.

"ಯಾರು ಹೇಳಿಕೊಟ್ಟರಮ್ಮ ಇದನ್ನ?" ಎಂದೆ.

"ಮೊಬೈಲಲ್ಲಿ ನೋಡಿದೆ ಮೇಡಂ. ಶ್ರೀಲಂಕಾದವರು ಮಾಡ್ತಾರಂತೆ. ಅತ್ತೆಗೆ ಒಳ್ಳೇದು ಅಂತ."

ನನಗೂ ಒಂದು ಲೋಟ ಕೊಟ್ಟಳು. ಲೋಟ ಆರಿ ತಣ್ಣಗಾಗುವವರೆಗೂ ನಾನು ಅದನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಆ ಹಿರಿಯ ಟೀಚರು ಮಂಡಿಯ ಕಥೆ ಹೇಳುತ್ತಿದ್ದರು. ನನಗೆ ತೊಂಬತ್ತೈದರ ಮಳೆಗಾಲ ನೆನಪಾಗುತ್ತಿತ್ತು.

ಆಗ ನನಗೆ ಇಪ್ಪತ್ನಾಲ್ಕು. ಅರೇಹಳ್ಳಿ ಹತ್ತಿರದ ಶಾಲೆಯಲ್ಲಿ ಟೀಚರಾಗಿ ಎರಡು ವರ್ಷವಾಗಿತ್ತು. ಸುತ್ತಲಿನ ಕಾಫಿ ಎಸ್ಟೇಟುಗಳ ಕೂಲಿ ಲೈನುಗಳಿಂದ, ಅಂದರೆ ಕೂಲಿಯವರ ಸಾಲುಮನೆಗಳಿಂದ, ಮಕ್ಕಳು ಬರುತ್ತಿದ್ದರು. ಅರ್ಧಕ್ಕರ್ಧ ತಮಿಳು ಮಾತಾಡುವವರು. ವಾರವೆಲ್ಲ ಅಲ್ಲೇ ಒಂದು ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬೇಲೂರಿಗೆ, ಅಪ್ಪ ಅವ್ವನ ಮನೆಗೆ.

ಅಪ್ಪ ಕಣಕಟ್ಟೆಯವರು. ಹೋಟೆಲಿನ ಹೊರಗೆ ನಿಂತು, ತೆಂಗಿನ ಚಿಪ್ಪಿನಲ್ಲಿ ಮೇಲಿನಿಂದ ಹುಯ್ಯುವ ಟೀ ಕುಡಿದು ಬೆಳೆದವರು. ಓದಿ ಗುಮಾಸ್ತರಾಗಿ ಬೇಲೂರಿನ ನೀರಾವರಿ ಕಚೇರಿಗೆ ಬಂದಿದ್ದರು. ಬೌದ್ಧರಾಗಿ ಮೂರು ವರ್ಷವಾಗಿತ್ತು. ಅವರೂ ಅವರಂಥ ಹದಿನೈದು ಮನೆಯವರೂ ಸೇರಿ ಹಳೇಬೀಡು ರಸ್ತೆಯಲ್ಲಿ ಊರು ಮುಗಿಯುವ ಕಡೆ ಒಂದು ನಿವೇಶನದಲ್ಲಿ ಶೀಟು ಹೊದಿಸಿದ ಎರಡು ಕೋಣೆ ಕಟ್ಟಿ ವಿಹಾರವೆಂದು ಬೋರ್ಡು ಹಾಕಿದ್ದರು. ಅದರಲ್ಲಿ ಭಿಕ್ಷುವೊಬ್ಬರು ಒಂದು ರಾತ್ರಿಯೂ ತಂಗಿರಲಿಲ್ಲ. ಜನ ನಗುತ್ತಿದ್ದರು. ಅಪ್ಪನಿಗೆ ಅದು ಮೈಯಲ್ಲಿ ಮುರಿದ ಮುಳ್ಳಿನ ಹಾಗೆ.

ಆ ವರ್ಷ ಬೆಂಗಳೂರಿನ ಪರಿಚಯದವರ ಮೂಲಕ ಸಿಲೋನಿನ ಭಿಕ್ಷುವೊಬ್ಬರು ವರ್ಷಾವಾಸಕ್ಕೆ ಬರಲು ಒಪ್ಪಿದರು. ಆಷಾಢದ ಹುಣ್ಣಿಮೆಯಿಂದ ಮೂರು ತಿಂಗಳು ಭಿಕ್ಷುಗಳು ಸುತ್ತಾಡದೆ ಒಂದೇ ಕಡೆ ನೆಲೆಸಬೇಕು, ಅದು ವರ್ಷಾವಾಸ. ಮುಗಿದ ಮೇಲೆ ಊರಿನವರು ಅವರಿಗೆ ಹೊಸ ಚೀವರ, ಅಂದರೆ ಭಿಕ್ಷುಗಳು ಹೊದೆಯುವ ಕಾವಿ ಬಟ್ಟೆ, ಕೊಡುತ್ತಾರೆ. ಆ ದಿನಕ್ಕೆ ಅಪ್ಪ ಕಣಕಟ್ಟೆಗೆ, ಅರಸೀಕೆರೆಗೆ, ತಮ್ಮನ್ನು ನೋಡಿ ನಕ್ಕವರಿಗೆಲ್ಲ ಜುಲೈನಲ್ಲೇ ಕಾರ್ಡು ಬರೆದು ಹಾಕಿದರು.

ಬಂದವರ ಹೆಸರು ಸೀಲಾನಂದ. ನಾವು ಭಂತೇಜಿ ಅನ್ನುತ್ತಿದ್ದೆವು. ವಯಸ್ಸು ಮೂವತ್ತಮೂರಿರಬಹುದು. ತೆಳ್ಳಗೆ ಕಪ್ಪಗಿದ್ದರು. ಅಪ್ಪನ ಜೊತೆ ನಿಧಾನವಾದ ಇಂಗ್ಲಿಷು; ನಾನು ಮಕ್ಕಳಿಂದ ಕಲಿತಿದ್ದ ತಮಿಳು ತಿಳಿದ ಮೇಲೆ ನನ್ನ ಜೊತೆ ಪುಸ್ತಕದಿಂದ ಕಲಿತ ಹಾಗಿದ್ದ ತಮಿಳು. ಒಂದು ಪುಟ್ಟ ರೇಡಿಯೊ ತಂದಿದ್ದರು. ಅವರ ದೇಶದಲ್ಲಿ ಆ ವರ್ಷದ ಮೊದಲಲ್ಲಿ ಸಂಧಾನದ ಮಾತು ನಡೆದಿತ್ತು. ಇವರು ಒಬ್ಬ ಕ್ರೈಸ್ತ ಪಾದ್ರಿಯ ಜೊತೆ ಹಳ್ಳಿ ಹಳ್ಳಿಗೆ ಹೋಗಿ ಸಿಂಹಳದವರನ್ನೂ ತಮಿಳರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಮಾತಾಡಿಸುತ್ತಿದ್ದರಂತೆ. ಏಪ್ರಿಲ್‌ನಲ್ಲಿ ಮತ್ತೆ ಯುದ್ಧ ಶುರುವಾಯಿತು. ಇವರಿದ್ದ ವಿಹಾರದ ಮೇಲೆ ಅವರದೇ ಜನ ಕಲ್ಲು ತೂರಿದರು. ಈ ಮಳೆಗಾಲ ದೂರ ಎಲ್ಲಾದರೂ ಇದ್ದು ಬಾ ಎಂದು ಅವರ ಗುರುಗಳು ಕಳಿಸಿದ್ದರು. ಇದನ್ನೆಲ್ಲ ಅಪ್ಪ ನನಗೆ ಹೆಮ್ಮೆಯಿಂದ ಹೇಳಿದರು. ಅದರಲ್ಲಿ ಹೆದರುವಂಥದ್ದು ಏನಿದೆಯೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಬಂದ ಎರಡನೆಯ ವಾರಕ್ಕೆ ಭಂತೇಜಿಗೆ ಜ್ವರ ಹಿಡಿಯಿತು. ನಮ್ಮ ಸಾರು, ಮುದ್ದೆ ಯಾವುದೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮಧ್ಯಾಹ್ನದ ಮೇಲೆ ಅವರು ಉಣ್ಣುವಂತಿಲ್ಲ. ಬೆಳಿಗ್ಗೆ ಉಂಡದ್ದು ವಾಂತಿ. ಡಾಕ್ಟರ ಮಾತ್ರೆಗಳೂ ಹೊರಗೆ ಬರುತ್ತಿದ್ದವು. ಹತ್ತು ದಿನಕ್ಕೆ ಕಣ್ಣು ಗುಳಿ ಬಿದ್ದವು. ಅವ್ವ ಅಳುವುದೊಂದು ಬಾಕಿ. "ನಮ್ಮ ಮನೇಲಿ ಉಂಡು ಒಬ್ಬ ಸನ್ಯಾಸಿಗೆ ಹಿಂಗಾಯ್ತು ಅಂತ ಆಡ್ಕತಾರೆ ಜಯ" ಅಂದಳು.

ನನಗೆ ರಾಸಮ್ಮ ನೆನಪಾದಳು.

ರಾಸಮ್ಮ ನನ್ನ ಏಳನೆಯ ತರಗತಿಯ ಸೆಲ್ವಿಯ ತಾಯಿ. ಎಸ್ಟೇಟ್ ಲೈನಿನಲ್ಲಿ ಮಗಳೊಂದಿಗೆ ಒಂದೇ ಕೋಣೆಯ ವಾಸ. ಹಿಂದಿನ ವರ್ಷ ನನಗೆ ಜ್ವರ ಬಂದು ಕೋಣೆಯಲ್ಲಿ ಒಬ್ಬಳೇ ಬಿದ್ದಿದ್ದಾಗ ನಾಲ್ಕು ದಿನ ಒಂದೆಲಗದ ಗಂಜಿ ಮಾಡಿ ತಂದು ಕುಡಿಸಿದ್ದಳು. ಹೊಟ್ಟೆ ಮಗು ಮಲಗಿದಂತೆ ಶಾಂತವಾಗಿತ್ತು. ಇದು ಯಾವ ಊರ ಅಡುಗೆ ಎಂದು ಕೇಳಿದ್ದಕ್ಕೆ ಬಾಗಿಲ ಕಡೆ ಒಮ್ಮೆ ನೋಡಿ, ತಾನು ಸಿಲೋನಿನವಳೆಂದೂ, ಎಂಬತ್ತಮೂರರಲ್ಲಿ ಅಲ್ಲಿ ತಮಿಳರ ಮೇಲೆ ನಡೆದ ಗಲಾಟೆಯ ನಂತರ ಮಗುವನ್ನು ಎತ್ತಿಕೊಂಡು ಬಂದವಳೆಂದೂ ಹೇಳಿದ್ದಳು. ಲೈನಿನಲ್ಲಿ ಎಲ್ಲರಿಗೂ ಸೇಲಂ ಕಡೆಯವಳೆಂದು ಹೇಳಿಕೊಂಡಿದ್ದಳು. ತೊಂಬತ್ತೊಂದರಲ್ಲಿ ತಮಿಳುನಾಡಿನಲ್ಲಿ ಮಾಜಿ ಪ್ರಧಾನಿಯನ್ನು ಕೊಂದ ಆ ಬಾಂಬು ಸಿಡಿದ ಮೇಲೆ ಸಿಲೋನಿನವರೆಂದರೆ ಎಲ್ಲೆಲ್ಲೂ ಅನುಮಾನ. "ಯಾರಿಗೂ ಹೇಳಬೇಡಿ ಟೀಚರಮ್ಮ" ಅಂದಿದ್ದಳು. ನಾನು ತಲೆಯಾಡಿಸಿದ್ದೆ.

ಅದನ್ನು ನಾನು ಅಪ್ಪನಿಗೆ ಹೇಳಿದೆ. ದೂರದ ಊರಿನಲ್ಲಿ ತನ್ನ ದೇಶದವರೊಬ್ಬರನ್ನು ಕಂಡರೆ ರಾಸಮ್ಮನಿಗೆ ಸಂತೋಷವಾಗುತ್ತದೆ ಎಂದೇ ನಾನು ತಿಳಿದಿದ್ದೆ. ಅವಳಿಗೆ ಹೇಳಿದ್ದು ಮಾತ್ರ ಇಷ್ಟೇ: ನಮ್ಮ ಮನೆಗೆ ಹಿರಿಯರೊಬ್ಬರು ಬಂದಿದ್ದಾರೆ, ಹೊಟ್ಟೆಗೆ ಏನೂ ಹಿಡಿಯುತ್ತಿಲ್ಲ, ಒಂದು ಭಾನುವಾರ ಬಂದು ಗಂಜಿ ಮಾಡಿಕೊಡು. ಆ ವಾರ ನಾನು ಅರೇಹಳ್ಳಿಯಲ್ಲೇ ಉಳಿದೆ. ಭಾನುವಾರ ನಸುಕಿಗೇ ಅವಳು ಗದ್ದೆ ಬದುವಿನಲ್ಲಿ ಒಂದೆಲಗ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಜೊತೆ ಬಸ್ಸು ಹತ್ತಿದಳು.

ನಮ್ಮ ಮನೆಯಲ್ಲೇ ಗಂಜಿ ಮಾಡಿದಳು. ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ವಿಹಾರಕ್ಕೆ ತಾನೇ ತಂದಳು. ಅಲ್ಲಿ ಹತ್ತು ಹನ್ನೆರಡು ಜನ ಕೂತಿದ್ದರು. ಭಂತೇಜಿ ಗೋಡೆಗೆ ಒರಗಿಕೊಂಡಿದ್ದರು. ಬಾಗಿಲಲ್ಲಿ ರಾಸಮ್ಮ ನಿಂತಳು, ಅವರ ಚೀವರದ ಬಣ್ಣ ನೋಡಿದಳು. ಪಾತ್ರೆ ಕೈಜಾರಲಿಲ್ಲ. ಬಾಗಿ ಮೆಲ್ಲಗೆ ಹೊಸ್ತಿಲ ಮೇಲೆ ಇಟ್ಟಳು. ಬೆನ್ನು ತಿರುಗಿಸದೆ, ಭಂತೇಜಿಯ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಗೇಟಿನವರೆಗೆ ಹೋದಳು. ಕಚ್ಚುವ ನಾಯಿಯ ಮುಂದೆ ನಾವು ಹಾಗೆ ಹಿಂದೆ ಸರಿಯುತ್ತೇವೆ.

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಎದ್ದು ಬಂದು ಎಲ್ಲರ ಎದುರಿಗೆ, "ಬನ್ನಿ ತಾಯಿ, ಸಂಕೋಚ ಯಾಕೆ. ಇವ್ರೂ ನಿಮ್ಮ ಸಿಲೋನಿನವ್ರೇ" ಅಂದರು.

ಅಲ್ಲಿದ್ದ ಒಬ್ಬಿಬ್ಬರು ತಲೆ ತಿರುಗಿಸಿ ಅವಳನ್ನು ನೋಡಿದರು. ರಾಸಮ್ಮ ನೋಡಿದ್ದು ನನ್ನನ್ನು. ಆಮೇಲೆ ತಿರುಗಿ ಓಡಿದಳು. ನಾನು ಹಿಂದೆಯೇ ಓಡಿ ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ.

"ನಿಮ್ಮನ್ನ ನಂಬಿ ಹೇಳಿದ್ದೆ ಟೀಚರಮ್ಮ" ಅಂದಳು. ಬಂದ ಬಸ್ಸು ಹತ್ತಿ ಹೋಗಿಬಿಟ್ಟಳು.

ನಾನು ವಾಪಸು ಬಂದಾಗ ಭಂತೇಜಿ ಆ ಪಾತ್ರೆಯನ್ನು ಮುಂದಿಟ್ಟುಕೊಂಡು ಕೂತಿದ್ದರು. ಗಂಜಿಯ ವಾಸನೆಯಿಂದಲೇ ಅವಳು ಯಾವ ದೇಶದವಳು, ಯಾಕೆ ಓಡಿದಳು ಎಂಬುದೆಲ್ಲ ಅವರಿಗೆ ತಿಳಿದಿತ್ತು. ಕುಡಿಯಲು ಒಪ್ಪಲಿಲ್ಲ. ಅವ್ವ ಅಡುಗೆಮನೆಯಿಂದ ಸೆರಗು ಸಿಕ್ಕಿಸಿಕೊಂಡೇ ಬಂದವಳು ಗದರಿಸಿಬಿಟ್ಟಳು. "ಹೆದರ್ಕಂಡ್ರೂ ಚೆಲ್ಲದಂಗೆ ಇಟ್ಟು ಹೋಗವ್ಳೆ. ಅದನ್ನ ಹುಳ ಬೀಳಾಕೆ ಬಿಡ್ತೀರಾ? ಕುಡೀರಿ." ಭಾಷೆ ತಿಳಿಯದಿದ್ದರೂ ಅವರು ಕುಡಿದರು. ಆ ದಿನ ಹೊಟ್ಟೆಯಲ್ಲಿ ನಿಂತಿತು.

ಸಂಜೆ ಅಪ್ಪನಿಗೂ ನನಗೂ ಅವರು ಹೇಳಿದ್ದು ಇದು. ಎಂಬತ್ತಮೂರರ ಜುಲೈ. ಅವರಿಗೆ ಇಪ್ಪತ್ತೊಂದು. ಬೆಟ್ಟದ ಕಡೆಯ ಒಂದು ಪಟ್ಟಣದ ವಿಹಾರದಲ್ಲಿದ್ದರು. ಪೇಟೆಯಲ್ಲಿ ತಮಿಳರ ಅಂಗಡಿಗಳು ಉರಿಯುತ್ತಿದ್ದವು. ಗೇಟು ಹಾಕು, ಯಾರು ಬಂದರೂ ತೆಗೆಯಬೇಡ ಎಂದು ಹಿರಿಯರು ಹೇಳಿದ್ದರು. ಬೀಗದ ಕೈ ಇವರ ಹತ್ತಿರವಿತ್ತು. ಒಬ್ಬ ಗಂಡಸು, ಒಬ್ಬ ಹೆಂಗಸು, ಒಬ್ಬ ಮುದುಕಿ ಬಂದು ಗೇಟು ಬಡಿದರು. ಇವರು ಒಳಗೆ ನಿಂತು ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಬಡಿಯುವುದು ನಿಂತಿತು.

"ಅವರು ಬದುಕಿದರೋ ಇಲ್ಲವೋ ನನಗೆ ಗೊತ್ತಿಲ್ಲ. ತಮಿಳು ಕಲಿತಿದ್ದು ಆಮೇಲೆ" ಎಂದರು.

ಅಪ್ಪ ಕೈಮುಗಿದು ಎದ್ದರು. ಮನೆಗೆ ಹೋಗುವ ದಾರಿಯಲ್ಲಿ ಒಂದು ಕಡೆ ನಿಂತು, "ನಮಗೆ ಈ ಬಟ್ಟೆ ಕಂಡ್ರೆ ತಲೆ ಎತ್ತಂಗಾಯ್ತದೆ ಮಗಳೇ. ಅದ್ನೇ ಕಂಡು ಒಬ್ಬಳು ಹಂಗೆ ಓಡ್ತಾಳಲ್ಲ" ಅಂದರು. ಅವರ ದನಿ ಕೇಳಿ ನನಗೆ ಭಯವಾಯಿತು.

ಮಾತು ಎಲ್ಲಿಂದ ಎಲ್ಲಿಗೆ ಹೋಯಿತೋ, ಆ ಗುರುವಾರ ಇಬ್ಬರು ಪೊಲೀಸರು ಲೈನಿಗೆ ಬಂದರು. ರಾಸಮ್ಮ ಟ್ರಂಕಿನ ತಳದಿಂದ ಕಾಗದ ತೆಗೆದುಕೊಟ್ಟಳು. ತಾತಂದಿರ ಕಾಲದಲ್ಲಿ ಬಿಟ್ಟುಹೋಗಿದ್ದ ಭಾರತಕ್ಕೆ ವಾಪಸಾಗಲು ಗಂಡ ಅರ್ಜಿ ಹಾಕಿದ್ದನಂತೆ; ಅದು ಪೂರ್ತಿಯಾಗುವ ಮೊದಲೇ ಗಲಾಟೆ. ಕಾಗದದಲ್ಲಿ ಮೊದಲ ಹೆಸರು ಗಂಡ ಮುತ್ತಯ್ಯನದು.

"ಗಂಡ ಎಲ್ಲವ್ನೆ?" ಎಂದು ಕೇಳಿದರು.

"ಇಲ್ಲ."

"ಇಲ್ಲ ಅಂದ್ರೆ? ಸತ್ತೋದ್ನಾ?"

"ಗೊತ್ತಿಲ್ಲ."

ಆ ಗೊತ್ತಿಲ್ಲ ಎಂಬ ಮಾತೇ ಮುಳುವಾಯಿತು. ಸತ್ತಿಲ್ಲ, ಜೊತೆಗೂ ಇಲ್ಲ, ಊರು ಬೇರೆ ಸುಳ್ಳು ಹೇಳಿದ್ದಾಳೆ. ಹಾಗಾದರೆ ಗಂಡ ಅಲ್ಲಿ ಬಂದೂಕು ಹಿಡಿದಿದ್ದಾನೆಯೇ? ಪ್ರತಿ ಸೋಮವಾರ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಬೇಕೆಂದರು. ನಾನು ವಿಷಯ ತಿಳಿದು ಠಾಣೆಗೆ ಓಡಿದೆ. ಅಲ್ಲಿನ ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಕೂರಲು ಹೇಳಿ, ಟೀ ತರಿಸಿದರು.

"ನಾನೇನ್ ಮಾಡ್ಲಿ ಟೀಚರ್? ಒಂದ್ಸಲ ಬರ್ದ್ಮೇಲೆ ಮೇಲಿನವ್ರು ಕೇಳ್ತಾರೆ. ಗಂಡ ಸತ್ತಿದ್ರೆ ಅಲ್ಲೀದೊಂದು ಸರ್ಕಾರಿ ಕಾಗ್ದ ತೋರ್ಸ್ಲಿ, ಫೈಲ್ ಮುಚ್ತೀನಿ. ವರ್ಷ ಮುಗಿಯೋವರ್ಗೂ ಕಾಯ್ತೀನಿ. ಆಮೇಲೆ ಕ್ಯಾಂಪಿಗೆ ಕಳಿಸ್ಬೇಕಾಯ್ತದೆ."

ಕ್ಯಾಂಪು ಎಂದರೆ ತಮಿಳುನಾಡಿನ ಮುಳ್ಳುತಂತಿಯ ಒಳಗಿನ ಶೆಡ್ಡುಗಳು. ರಾಸಮ್ಮ ಮೊದಲ ವರ್ಷ ಅಂಥ ಒಂದರಲ್ಲಿ ಇದ್ದು, ಅಲ್ಲಿಂದ ಸಂಬಂಧಿಕರ ಹಿಂದೆ ಅರೇಹಳ್ಳಿಗೆ ಬಂದವಳು. ಸೆಲ್ವಿ ಶಾಲೆಗೆ ಬರುವುದು ನಿಂತಿತು. ನಾನು ಲೈನಿಗೆ ಹೋದರೆ ರಾಸಮ್ಮ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ನಾನಿಲ್ಲವೇ ಇಲ್ಲವೆಂಬಂತೆ ಅಕ್ಕಿ ಆರಿಸುತ್ತಿದ್ದಳು. ಸೋಮವಾರ ಶಾಲೆ ಬಿಟ್ಟ ಮೇಲೆ ಅವಳ ಜೊತೆ ನಾನೂ ಬಸ್ಸು ಹತ್ತುತ್ತಿದ್ದೆ. ಅವಳು ಮುಂದಿನ ಸೀಟು, ನಾನು ಹಿಂದಿನದು.

ಭಂತೇಜಿಗೆ ಇದು ತಿಳಿದದ್ದು ಅಪ್ಪನಿಂದ. "ನನ್ನನ್ನು ಅವರ ಹತ್ತಿರ ಕರೆದುಕೊಂಡು ಹೋಗಿ" ಎಂದರು. ಅಪ್ಪ ಬೇಡವೆಂದರು. ಲೈನಿನ ಹುಡುಗರು ಸಿಟ್ಟಿನಲ್ಲಿದ್ದಾರೆಂದು ಸುದ್ದಿ ಬಂದಿತ್ತು. ಆದರೂ ಭಾನುವಾರ ಮೂವರೂ ಹೊರಟೆವು. ಹೊರಡುವಾಗ ಭಂತೇಜಿ ನನ್ನ ಅವ್ವನ ಹತ್ತಿರ ಒಂದು ಕಂದು ಶಾಲು ಕೇಳಿ ಚೀವರದ ಮೇಲೆ ಹೊದ್ದರು. ಅರೇಹಳ್ಳಿಯಲ್ಲಿ ಇಳಿದು ಎಸ್ಟೇಟಿನ ಮಣ್ಣುದಾರಿಗೆ ಬಂದಮೇಲೆ ಅದನ್ನು ತೆಗೆದು ಮಡಚಿ ನನ್ನ ಕೈಗೆ ಕೊಟ್ಟರು. "ಇನ್ನೊಮ್ಮೆ ಅವರನ್ನು ಮೋಸಗೊಳಿಸುವುದು ಬೇಡ."

ಲೈನಿನ ಮುಂದೆ ಏಳೆಂಟು ಜನ ಯುವಕರು ದಾರಿಗೆ ಅಡ್ಡ ನಿಂತಿದ್ದರು. ಒಬ್ಬನ ಕೈಯಲ್ಲಿ ಕಾಫಿ ಗಿಡ ಸವರುವ ಕತ್ತಿ.

"ಅವನ್ಯಾಕ್ ಬಂದ?" ಎಂದು ನನ್ನನ್ನು ಕೇಳಿದ.

ಅಪ್ಪ ಮುಂದೆ ಬಂದರು. ಅಪ್ಪ ಕುಳ್ಳು ಆಳು. ಕಚೇರಿಯ ಷರಟು, ಜೇಬಿನಲ್ಲಿ ಪೆನ್ನು. "ಹೊಡೆಯಂಗಿದ್ರೆ ನಂಗೆ ಹೊಡಿ ಕಣಪ್ಪ. ಕರ್ಕಂಡು ಬಂದೋನು ನಾನು" ಅಂದರು.

ಯಾರೂ ಅಲುಗಲಿಲ್ಲ. ಲೈನಿನ ಮೇಸ್ತ್ರಿ, ಎಲ್ಲರಿಗೂ ಹಿರಿಯ, ತನ್ನ ಜಗಲಿಯಿಂದಲೇ ಕೂಗಿದ: "ದಾರಿ ಬಿಡ್ರೋ. ಬೇಕು ಬೇಡ ಹೇಳೋಳು ಅವಳು. ನೀವಲ್ಲ."

ದಾರಿ ಬಿಟ್ಟರು. ರಾಸಮ್ಮನ ಬಾಗಿಲು ಅರ್ಧ ತೆರೆದಿತ್ತು. ಭಂತೇಜಿ ಅಂಗಳದಲ್ಲಿ, ಬಾಗಿಲಿಂದ ಹತ್ತು ಹೆಜ್ಜೆ ದೂರದಲ್ಲಿ, ಒದ್ದೆ ಮಣ್ಣಿನ ಮೇಲೆ ಹಾಗೆಯೇ ಕೂತರು. ಜಿಟಿಜಿಟಿ ಮಳೆ. ತಮಿಳಿನಲ್ಲಿ, ಅಕ್ಕಾ ಎಂದು ಕರೆದು, ನಮಗೆ ಹೇಳಿದ್ದ ಗೇಟಿನ ಕಥೆಯನ್ನೇ ಹೇಳಿದರು. ಪದಗಳಿಗೆ ತಡಕಾಡಿದರು. ಕೊನೆಗೆ ಹೇಳಿ ಮುಗಿಸಿದರು. ಕತ್ತಿ ಹಿಡಿದವನು ಕಾಲು ಬದಲಿಸಿ ನಿಂತ.

ರಾಸಮ್ಮ ಬಾಗಿಲಿಗೆ ಬಂದಳು. ಬಾಯಿ ತೆರೆದಾಗ ಬಂದದ್ದು ತಮಿಳಲ್ಲ, ಕನ್ನಡವೂ ಅಲ್ಲ. ಅದು ಸಿಂಹಳ. ತಡವರಿಕೆಯಿಲ್ಲದೆ, ನೀರು ಸುರಿದಂತೆ. ಭಂತೇಜಿ ತಟ್ಟನೆ ತಲೆ ಎತ್ತಿದರು. ಪಕ್ಕದಲ್ಲಿ ನಿಂತಿದ್ದ ಸೆಲ್ವಿ ತಾಯಿಯನ್ನು ಯಾರೋ ಅಪರಿಚಿತಳನ್ನು ನೋಡುವಂತೆ ನೋಡಿದಳು. ಹದಿಮೂರು ವರ್ಷದಲ್ಲಿ ಆ ಮಾತನ್ನು ತಾಯಿಯ ಬಾಯಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ.

ಅವರಿಬ್ಬರೂ ಮಾತಾಡಿದ್ದು ನಮಗೆ ಯಾರಿಗೂ ತಿಳಿಯಲಿಲ್ಲ. ಹೆಚ್ಚಾಗಿ ರಾಸಮ್ಮನೇ ಮಾತಾಡಿದಳು. ಭಂತೇಜಿಯ ಮುಖ ನೆಲಕ್ಕೆ ಬಾಗುತ್ತಲೇ ಹೋಯಿತು. ಅವಳು ಏನೆಂದಳೆಂದು ನನಗೆ ಹೇಳಿದ್ದು ಮಾರನೆಯ ದಿನ, ಠಾಣೆಗೆ ಹೋಗುವ ಬಸ್ಸಿನಲ್ಲಿ. ಅಂದು ಅವಳು ನನ್ನ ಪಕ್ಕದ ಸೀಟಿನಲ್ಲೇ ಕೂತಳು.

"ಗಲಾಟೆ ದಿನ ಸಿಂಹಳದವರು ರಸ್ತೇಲಿ ನಿಲ್ಲಿಸಿ ಒಂದು ಮಾತು ಹೇಳಿಸ್ತಾ ಇದ್ರು ಟೀಚರಮ್ಮ. ಬಕೆಟ್ಟಿಗೆ ಅವರ ಭಾಷೇಲಿ ಏನಂತಾರೋ ಅದು. ತಮಿಳರ ನಾಲಿಗೆಗೆ ಅದು ಸರಿಯಾಗಿ ಬರಲ್ಲ. ನಾನು ಆ ಮಕ್ಕಳ ಜೊತೆ ಆಡಿ ಬೆಳೆದೋಳು, ಹೇಳಿದೆ. ಬಿಟ್ಟರು. ಸೆಲ್ವಿ ಅಪ್ಪನ ಬಾಯಿಗೆ ಬರಲಿಲ್ಲ." ಆಮೇಲೆ ಹೇಳಿದಳು: "ಮಗು ನನ್ನ ಸೊಂಟದಲ್ಲಿತ್ತು. ತಿರುಗಿ ನೋಡಿದ್ರೆ ನಾನು ಅವನ ಹೆಂಡತಿ ಅಂತ ತಿಳೀತಿತ್ತು. ನಾನು ತಿರುಗಲಿಲ್ಲ. ನಡೆದುಬಿಟ್ಟೆ."

ಅದಕ್ಕೇ ಅವಳಿಗೆ ಗೊತ್ತಿರಲಿಲ್ಲ.

"ನಿನ್ನೆ ಆ ಸಾಮಿಗೆ ಹೇಳಿದೆ, ನಿನ್ನ ಕ್ಷಮಿಸೋಕೆ ನಾನ್ಯಾರು, ನಿನ್ನ ಗೇಟು ಬಡಿದೋಳು ನಾನಲ್ಲ. ನೀನು ನಮ್ಮೂರಿಗೆ ಹೋಗು. ನಾನು ಹೋಗೋ ಹಾಗಿಲ್ಲ, ಈ ಬಟ್ಟೆ ಹಾಕಿದೋನು ಎಲ್ಲಿ ಬೇಕಾದರೂ ಹೋಗಬಹುದು. ಇವರಪ್ಪನಿಗೆ ಏನಾಯ್ತು ಅಂತ ಕೇಳಿ ಬರೆದು ಕಳಿಸು ಅಂತ ಹೇಳಿದೆ."

ಭಂತೇಜಿ ಒಪ್ಪಿಕೊಂಡಿದ್ದರು. ಒಪ್ಪಿದ್ದು ಎಂದರೆ ವರ್ಷಾವಾಸ ಅರ್ಧಕ್ಕೆ ಮುರಿಯುವುದು.

ಅಪ್ಪ ಅಷ್ಟು ಕೋಪ ಮಾಡಿಕೊಂಡದ್ದನ್ನು ನಾನು ಅದಕ್ಕೆ ಮೊದಲೂ ಆಮೇಲೂ ನೋಡಿಲ್ಲ. ಭಂತೇಜಿಯ ಮುಂದೆ ಕೈಮುಗಿದುಕೊಂಡೇ ವಾದಿಸಿದರು. ಇನ್ನು ಆರು ವಾರ ಉಳಿದಿದೆ. ಮುಗಿಸಿಕೊಂಡು ಹೋಗಿ. ಕಾರ್ಡು ಹಾಕಿದ್ದೇನೆ, ಕಣಕಟ್ಟೆಯಿಂದ ಜನ ಬರುತ್ತಾರೆ, ನಗುವವರು ಕಾದು ಕೂತಿದ್ದಾರೆ. ಪತ್ರ ಬರೆದು ಯಾರಿಂದಲಾದರೂ ಆ ಕೆಲಸ ಮಾಡಿಸಿ. ಭಂತೇಜಿ ಹೇಳಿದ್ದು ಇಷ್ಟೇ: ಕಾಗದ ಬರೆದರೆ ಆಗುವ ಕೆಲಸವಲ್ಲ, ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಅವರೆದುರು ಹೋಗಿ ಕೂರಬೇಕು. ಮಳೆಗಾಲದಲ್ಲಿ ಭಿಕ್ಷುಗಳು ತಿರುಗಬಾರದೆಂಬ ನಿಯಮ ಹುಟ್ಟಿದ್ದೇ ಬೆಳೆಯುವ ಪೈರನ್ನು ತುಳಿಯಬಾರದೆಂದು. ಈಗ ನಾನು ಇಲ್ಲಿ ಕೂತರೆ ತುಳಿದ ಹಾಗೆ.

ಅಪ್ಪ ನನ್ನ ಕಡೆ ತಿರುಗಿ, "ನೀನು ಬಾಯಿ ಮುಚ್ಕಂಡು ಇದ್ದಿದ್ರೆ" ಎಂದು ಶುರು ಮಾಡಿದವರು ಅಲ್ಲೇ ನಿಲ್ಲಿಸಿದರು. ಅವಳ ಗುಟ್ಟನ್ನು ಎಲ್ಲರೆದುರು ಕೂಗಿದವರು ತಾವೇ ಎಂಬುದು ಅವರಿಗೆ ಆ ಗಳಿಗೆಯಲ್ಲಿ ಹೊಳೆದಿರಬೇಕು. ಎದ್ದು ಹೊರಗೆ ಹೋದರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಭಂತೇಜಿಯನ್ನು ರೈಲು ಹತ್ತಿಸಲು ಅರಸೀಕೆರೆಗೆ ಹೋದೆವು. ಬೇಲೂರಿನಲ್ಲಿ ಮಳೆ, ಅರಸೀಕೆರೆ ಜಂಕ್ಷನ್ನಿನಲ್ಲಿ ಒಣಗಾಳಿ, ಧೂಳು. ಅಪ್ಪ ಬರುವುದಿಲ್ಲವೆಂದು ಹೇಳಿದ್ದರು. ಬಸ್ಸು ಹೊರಡುವಾಗ ಓಡಿ ಬಂದು ಹತ್ತಿದರು. ರೈಲು ಬರುವ ಹೊತ್ತಿಗೆ ಜೇಬಿನಿಂದ ಒಂದು ಚೀಟಿ ತೆಗೆದುಕೊಟ್ಟರು. ಎಂಥ ಕಾಗದವಾದರೆ ಠಾಣೆಯಲ್ಲಿ ನಡೆಯುತ್ತದೆ, ಅದರಲ್ಲಿ ಯಾವ ಸೀಲು, ಯಾರ ರುಜು ಇರಬೇಕು, ಹೆಸರು ರಾಸಮ್ಮನ ಕಾಗದದಲ್ಲಿದ್ದ ಹಾಗೆ ಅಕ್ಷರ ಅಕ್ಷರವೂ ಹೇಗಿರಬೇಕು ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ್ದರು. ಗುಮಾಸ್ತರಾಗಿ ತಮಗೆ ತಿಳಿದದ್ದನ್ನೆಲ್ಲ ಅದರಲ್ಲಿ ತುಂಬಿದ್ದರು.

ಆಮೇಲೆ ಕಾಯುವುದು. ಅಕ್ಟೋಬರಿನ ಹುಣ್ಣಿಮೆಗೆ ಕಣಕಟ್ಟೆಯಿಂದ ಜನ ಬಂದು ಖಾಲಿ ವಿಹಾರ ನೋಡಿದರು. "ಸ್ವಾಮಿಗಳು ಓಡೋದ್ರಂತಲ್ಲಾ" ಎಂದು ಒಬ್ಬರು ನಕ್ಕರು. ಅಪ್ಪ ಎಲ್ಲರಿಗೂ ಊಟ ಬಡಿಸಿದರು. ಸಿಲೋನಿನ ಉತ್ತರದಲ್ಲಿ ದೊಡ್ಡ ಯುದ್ಧ, ಲಕ್ಷಗಟ್ಟಲೆ ಜನ ಊರು ಬಿಟ್ಟರೆಂದು ರೇಡಿಯೊ ಹೇಳಿತು. ಭಂತೇಜಿಯಿಂದ ಒಂದು ಸಾಲಿಲ್ಲ. ಪ್ರತಿ ಸೋಮವಾರ ನಾವಿಬ್ಬರು ಬಸ್ಸು ಹತ್ತುತ್ತಿದ್ದೆವು. ಹೆಬ್ಬೆಟ್ಟು ಒತ್ತಿದ ಶಾಯಿಯನ್ನು ರಾಸಮ್ಮ ಠಾಣೆಯ ಹೊರಗಿನ ಗೋಡೆಗೆ ಒರೆಸುತ್ತಿದ್ದಳು. ಅಲ್ಲೊಂದು ನೀಲಿ ಕಲೆ ದಪ್ಪವಾಗುತ್ತ ಹೋಯಿತು. ಸೆಲ್ವಿಯನ್ನು ಮತ್ತೆ ಶಾಲೆಗೆ ಕಳಿಸಿದಳು. "ಕ್ಯಾಂಪಿಗೆ ಹೋಗೋದೇ ಆದ್ರೆ ಅಲ್ಲಿವರೆಗೆ ಓದ್ಲಿ" ಅಂದಳು.

ಡಿಸೆಂಬರ್ ಮೂರನೆಯ ವಾರ, ಕಾಫಿ ಹಣ್ಣು ಕೊಯ್ಲಿನ ಭರದಲ್ಲಿ, ಶಾಲೆಯ ವಿಳಾಸಕ್ಕೆ ದಪ್ಪ ಲಕೋಟೆ ಬಂತು. ಒಳಗೆ ಸೀಲು ಒತ್ತಿದ ಮರಣಪತ್ರ, ಒಂದು ಪ್ರಮಾಣಪತ್ರ, ಇಂಗ್ಲಿಷಿನಲ್ಲಿ ಎರಡು ಪುಟದ ಕಾಗದ. ನಾನು ಲೈನಿಗೆ ಓಡಿದೆ. ರಾಸಮ್ಮ ಹಣ್ಣಿನ ಚೀಲ ಕೆಳಗಿಟ್ಟು ಜಗಲಿಯಲ್ಲಿ ಕೂತಳು. ನಾನು ಸಾಲು ಸಾಲಾಗಿ ಓದಿ ಹೇಳಿದೆ.

ಮುತ್ತಯ್ಯನ ಹೆಸರು ಸತ್ತವರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕಣ್ಣಾರೆ ಕಂಡವರೊಬ್ಬರು ಪ್ರಮಾಣ ಮಾಡಿ ಬರೆದುಕೊಟ್ಟರೆ ಮಾತ್ರ ಸಾಧ್ಯವೆಂದು ಕಚೇರಿಯಲ್ಲಿ ಹೇಳಿದರು. ಆ ಬೀದಿಯಲ್ಲಿ ಯಾರೂ ಏನೂ ಕಂಡಿರಲಿಲ್ಲ. ಹಿಂದೆ ಮುತ್ತಯ್ಯ ಅಂಗಡಿ ಇಟ್ಟಿದ್ದ ಜಾಗದ ಎದುರಿಗೆ ಭಂತೇಜಿ, ಒಂದು ಬ್ರೆಡ್ಡಿನ ಅಂಗಡಿಯ ಮುಂದೆ ದಿನಾ ಬೆಳಿಗ್ಗೆ ಬಂದು ಕೂರತೊಡಗಿದರು. ಮೊದಲು ಬೈದರು. ಒಬ್ಬರು ಉಗಿದರು. ಇಪ್ಪತ್ತಮೂರನೆಯ ದಿನ ಅಂಗಡಿಯವನು ಒಳಗೆ ಕರೆದು ಬಾಗಿಲು ಹಾಕಿ ಎಲ್ಲ ಹೇಳಿದ. ಮುತ್ತಯ್ಯ ಸತ್ತದ್ದು ಅದೇ ದಿನ, ಅದೇ ಬೀದಿಯ ತಿರುವಿನಲ್ಲಿ. ಊರ ಹೊರಗಿನ ಸ್ಮಶಾನದಲ್ಲಿ ಇನ್ನೂ ಹಲವರ ಜೊತೆ ಹೂಳಿದ್ದರು. ಅಂಗಡಿಯವನು ತನ್ನ ಹೆಸರು, ವಿಳಾಸ ಹಾಕಿ, ನಾನು ನೋಡಿದೆ ಎಂದು ಬರೆದು ರುಜು ಮಾಡಿದ್ದ.

"ಯಾರು? ಹೆಸರು ಇನ್ನೊಂದ್ಸಲ ಓದಿ" ಎಂದಳು ರಾಸಮ್ಮ. ಓದಿದೆ.

"ಸೆಲ್ವಿಗೆ ಮೊದಲು ಬ್ರೆಡ್ಡಿನ ಚೂರು ತಿನ್ನಿಸಿದೋನು ಅವನೇ." ಕಾಗದವನ್ನು ಕೈಗೆ ತೆಗೆದುಕೊಂಡಳು. "ನೋಡ್ತಾ ನಿಂತಿದ್ನಂತಾ?"

"ನಿಂತಿದ್ದೆ ಅಂತ ಬರೆದಿದ್ದಾನೆ."

"ಅವನೇ ಬರೆದನಾ? ಅವನ ಕೈಯಲ್ಲೇ?"

"ಅವನ ಕೈಯಲ್ಲೇ."

ಅವಳು ಆ ರುಜುವನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಸಂಜೆ ಲೈನಿನ ಹೆಂಗಸರು ಬಳೆ ತೆಗೆಸಲು, ಕುಂಕುಮ ಒರೆಸಲು ಬಂದರು. "ಹನ್ನೆರಡು ವರ್ಷದ ಹಿಂದೆ ಆಗಬೇಕಾಗಿದ್ದ ಕೆಲಸ. ಈಗ ಬೇಡ. ನಾಳೆ ಹಣ್ಣು ಕುಯ್ಯೋಕೆ ಹೋಗಬೇಕು" ಎಂದು ಕಳಿಸಿಬಿಟ್ಟಳು.

ಇನ್‌ಸ್ಪೆಕ್ಟರು ಮರಣಪತ್ರವನ್ನು ಎರಡು ಸಲ ಓದಿ, ನಕಲು ಇಟ್ಟುಕೊಂಡು, "ಇನ್ನು ನೀವು ಬರೋದು ಬೇಡಮ್ಮ" ಅಂದರು. ಎದ್ದು ನಿಂತು ಹೇಳಿದರು, ಅದು ನನಗೆ ನೆನಪಿದೆ. ಅಪ್ಪನಿಗೆ ತಿಳಿಸಿದಾಗ ಅವರು ಮೊದಲು ಕೇಳಿದ್ದು, ಹೆಸರಿನ ಅಕ್ಷರ ಸರಿಯಾಗಿತ್ತಾ ಎಂದು. ಸರಿಯಾಗಿತ್ತು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತುಬಿಟ್ಟರು.

ಭಂತೇಜಿ ಮತ್ತೆ ನಮ್ಮ ಕಡೆ ಬರಲಿಲ್ಲ. ಮರುವರ್ಷ ಒಂದು ಕಾಗದ ಬಂತು: ಇನ್ನೂ ನಾಲ್ಕು ಮನೆಯವರು ಅಂಥದೇ ಪತ್ರಕ್ಕಾಗಿ ತಮ್ಮನ್ನು ಹುಡುಕಿಕೊಂಡು ಬಂದಿದ್ದಾರೆ, ಪಾದ್ರಿಯವರೂ ಜೊತೆಗಿದ್ದಾರೆ, ಯುದ್ಧ ನಿಲ್ಲುವ ಲಕ್ಷಣವಿಲ್ಲ ಎಂದು. ಆಮೇಲಿನ ಕಾಗದಗಳಿಗೆ ಉತ್ತರವಿಲ್ಲ.

ಏಪ್ರಿಲ್‌ನಲ್ಲಿ ಸೆಲ್ವಿ ಏಳನೆಯ ತರಗತಿ ಪಾಸಾದಳು. ಹೈಸ್ಕೂಲಿಗೆ ಸೇರಲು ವರ್ಗಾವಣೆ ಪತ್ರ ಬೇಕಿತ್ತು. ರಾಸಮ್ಮ ಮಗಳ ಜೊತೆ ತಲೆ ಬಾಚಿಕೊಂಡು, ಒಗೆದ ಸೀರೆ ಉಟ್ಟು ಶಾಲೆಗೆ ಬಂದಳು. ನಾನು ದಾಖಲಾತಿ ಪುಸ್ತಕ ತೆರೆದು ಬರೆಯತೊಡಗಿದೆ.

"ಟೀಚರಮ್ಮ, ಅದರಲ್ಲಿ ಇವರಪ್ಪನ ಹೆಸರು ಹೇಗಿದೆ?"

"ಮುತ್ತಯ್ಯ ಅಂತ."

"ಸತ್ತಿದ್ದಾರೆ ಅಂತ ಹಾಕಿ."

ನಾನು ಪೆನ್ನು ತೆಗೆದು, ಹೆಸರಿನ ಮೊದಲು ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ ದಿ. ಎಂದು ಬರೆದು, ಪಕ್ಕದಲ್ಲಿ ನನ್ನ ಚಿಕ್ಕ ರುಜು ಹಾಕಿದೆ. ಸೆಲ್ವಿ ಬಾಗಿ ನೋಡಿದಳು. ರಾಸಮ್ಮನಿಗೆ ಓದು ಬಾರದು.

"ಯಾವುದು ಅದು, ತೋರಿಸಿ" ಅಂದಳು.

ಸೆಲ್ವಿ ತಾಯಿಯ ಬೆರಳು ಹಿಡಿದು ಆ ಅಕ್ಷರದ ಕೆಳಗೆ ಇಟ್ಟಳು.

"ಇಷ್ಟೇನಾ?"

"ಇಷ್ಟೇ ರಾಸಮ್ಮ" ಅಂದೆ.

ಶಾಯಿ ಇನ್ನೂ ಹಸಿಯಿತ್ತು. ಅವಳು ಬಗ್ಗಿ ಅದರ ಮೇಲೆ ಮೆಲ್ಲಗೆ ಊದಿದಳು.